ಒಂದೇ ಕಂತಿನ ಖಳನನ್ನು ಹೆಣೆಯುವುದು ಹೇಗೆ?

ಧಾರವಾಡದ ಕಾಲೇಜು ರಂಗತಂಡಗಳಿಗೋ, ಹುಬ್ಬಳ್ಳಿಯಲ್ಲಿ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ಗೆಳೆಯರಿಗೋ ವೈಜ್ಞಾನಿಕ ಕಥೆ ಬರೆದುಕೊಡುವವರು ಖಳನಿಗೆ ಶಕ್ತಿಯ ಮೇಲೆ ಶಕ್ತಿ ಪೇರಿಸುತ್ತ ಹೋಗುವುದುಂಟು. ಒಮ್ಮೆ ಬಂದು ಹೋಗುವ ಖಳನಿಗೆ ಅಷ್ಟನ್ನು ಮೆರೆಸಲು ಸಮಯವೇ ಇರುವುದಿಲ್ಲ. ಅವನಿಗೆ ಬೇಕಾದದ್ದು, ನೋಡುವವರು ಬೇಗನೆ ಅರಿತುಕೊಳ್ಳಬಹುದಾದ ಒಂದು ಕಟ್ಟುನಿಟ್ಟಿನ ನಿಯಮ.

ಆದ್ದರಿಂದ ಮೊದಲು ಅವನ ಮಿತಿಯನ್ನು ಬರೆದುಕೊಳ್ಳಿ. 1966ರಲ್ಲಿ ಪ್ರಸಾರವಾದ, ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟಿವಿ ಸರಣಿಯ ‘ಬ್ಯಾಲೆನ್ಸ್ ಆಫ್ ಟೆರರ್’ ಕಂತಿನಲ್ಲಿ ರೋಮ್ಯುಲನ್ ಎಂಬ ಶತ್ರು ಜನಾಂಗದ ಅಂತರಿಕ್ಷ ನೌಕೆ ಕಣ್ಣಿಗೆ ಬೀಳದೆ ಸಂಚರಿಸುತ್ತದೆಯಾದರೂ ದಾಳಿ ಮಾಡುವಾಗ ಗೋಚರಿಸಲೇಬೇಕು. ಮಾರ್ಕ್ ಲೆನಾರ್ಡ್ ನಟಿಸಿದ ಅದರ ದಳಪತಿಗೆ ಕಂತಿನಲ್ಲಿ ಹೆಸರೂ ಇಲ್ಲ; ಯುದ್ಧದಿಂದ ಬೇಸತ್ತರೂ ಕರ್ತವ್ಯ ಬಿಡಲಾರದ ಅವನನ್ನು ಇಂದಿಗೂ ನೆನೆಯುತ್ತಾರೆ.

ನಮ್ಮ ಕಡೆಯದೇ ಒಂದು ಉದಾಹರಣೆ ಕಟ್ಟೋಣ. ಗದಗಿಗೆ ಹೊರಟ ರಾತ್ರಿಯ ಪ್ಯಾಸೆಂಜರ್ ರೈಲು ಅಣ್ಣಿಗೇರಿ ದಾಟಿ ಎರೆಹೊಲಗಳ ನಡುವೆ ನಿಂತುಬಿಡುತ್ತದೆ. ಟಿಸಿಯ ವೇಷದಲ್ಲಿ ಬಂದವನು ಟಿಕೆಟ್ ನೋಡಿ, ‘ಎಲ್ಲಿಗೆ ಹೊಂಟೀರಿ, ಅಕ್ಕಾರ?’ ಎಂದು ವಿನಯದಿಂದಲೇ ಕೇಳುತ್ತಾನೆ. ಉತ್ತರಿಸಿದವರ ನೆನಪಿನಿಂದ ಆ ಊರು, ಅಲ್ಲಿರುವ ಮನೆ, ಮಂದಿ ಎಲ್ಲವೂ ಅಳಿಸಿಹೋಗುತ್ತವೆ. ಟಿಕೆಟ್ ಇಲ್ಲದವರನ್ನು ಮಾತ್ರ ಅವನು ಪ್ರಶ್ನಿಸಲಾರ. ಈ ಮಿತಿಯನ್ನು ಬರೆದ ಕೂಡಲೇ ಶೌಚಾಲಯದಲ್ಲಿ ಅಡಗಿ ಕುಳಿತ, ಟಿಕೆಟ್ ತೆಗೆಸದ ಹುಡುಗನೇ ಕಥಾನಾಯಕನಾಗುತ್ತಾನೆ. (ರೈಲ್ವೆಯವರು ಮನ್ನಿಸಬೇಕು.)

ಮುಂದಿನ ಹಂತ, ತಪ್ಪಿಸಿಕೊಳ್ಳಲಾಗದ ಜಾಗ ಮತ್ತು ಅಲ್ಲಿನ ಜನ. ಇದರಲ್ಲಿ ‘ಡಾಕ್ಟರ್ ಹೂ’ ಸರಣಿಯ 2008ರ ‘ಮಿಡ್‌ನೈಟ್’ ಕಂತನ್ನು ಮೀರಿಸುವಂಥದ್ದು ನನಗಂತೂ ಕಂಡಿಲ್ಲ. ಪ್ರವಾಸಿ ವಾಹನವೊಂದು ನಿರ್ಜನ ಗ್ರಹದಲ್ಲಿ ಕೆಟ್ಟು ನಿಲ್ಲುತ್ತದೆ. ರೂಪ, ಹೆಸರು ಎರಡೂ ಇಲ್ಲದ ಯಾವುದೋ ಒಂದು ಪ್ರಯಾಣಿಕಳೊಬ್ಬಳನ್ನು ಹೊಕ್ಕು, ಮೊದಲು ಇತರರ ಮಾತನ್ನು ಮರುನುಡಿಯುತ್ತದೆ, ಬಳಿಕ ಅವರೊಂದಿಗೇ ನುಡಿಯುತ್ತದೆ, ಕೊನೆಗೆ ಸರಣಿಯ ನಾಯಕ ಡಾಕ್ಟರನಿಗಿಂತ ಮೊದಲೇ ಅವನ ಮಾತನ್ನು ಆಡಿಬಿಡುತ್ತದೆ. ಅಷ್ಟರೊಳಗೆ ಹೆದರಿದ ಸಹಪ್ರಯಾಣಿಕರು ಡಾಕ್ಟರನನ್ನೇ ಹೊರಗೆಸೆಯಲು ಮುಂದಾಗಿರುತ್ತಾರೆ. ಖಳನ ಅರ್ಧ ಕೆಲಸವನ್ನು ಬಲಿಪಶುಗಳೇ ಮಾಡಿಕೊಡುವಂತೆ ಬರೆದರೆ ಗ್ರಾಫಿಕ್ಸ್ ಖರ್ಚೂ ಉಳಿಯುತ್ತದೆ. ನಮ್ಮ ರೈಲಿನಲ್ಲಿಯೂ ಟಿಕೆಟ್ ಉಳ್ಳವರು ತಾವು ಬದುಕಿಕೊಳ್ಳಲು ಪಕ್ಕದವರನ್ನು ಟಿಸಿಯ ಮುಂದೆ ತಳ್ಳಲಿ.

ವೇಷಭೂಷಣಕ್ಕೆ ಕರಿ ಕೋಟು ಸಾಕು.

ಮುಕ್ತಾಯದಲ್ಲಿ ಖಳ ಸೋಲಲೇಬೇಕೆಂದಿಲ್ಲ. ‘ದಿ ಟ್ವೈಲೈಟ್ ಜೋನ್’ ಟಿವಿ ಸರಣಿಯ 1961ರ ‘ಇಟ್ಸ್ ಎ ಗುಡ್ ಲೈಫ್’ ಕಂತಿನಲ್ಲಿ ಆರು ವರ್ಷದ ಆಂಟನಿ ಮನಸ್ಸಿನಿಂದಲೇ ಇಡೀ ಊರನ್ನು ಆಳುತ್ತಾನೆ; ಅವನು ಸುರಿಸಿದ ಹಿಮಕ್ಕೆ ಬೆಳೆ ಹಾಳಾಗುವುದೆಂದು ತಿಳಿದೂ ದೊಡ್ಡವರು ‘ಒಳ್ಳೆಯದೇ ಆಯಿತು’ ಎನ್ನುತ್ತಾರೆ. ಸೋಲಿಸುವುದಾದರೆ ಆರಂಭದಲ್ಲಿ ಬರೆದುಕೊಂಡ ಮಿತಿಯಿಂದಲೇ ಸೋಲಿಸಬೇಕು. ಕೊನೆಯ ದೃಶ್ಯದಲ್ಲಿ ಹೊಸ ಅಸ್ತ್ರ ತಂದರೆ ನೋಡುವವರಿಗೆ ಮೋಸ ಮಾಡಿದಂತೆ.

ಬರೆದಾದ ಮೇಲೆ ವೈಜ್ಞಾನಿಕ ಕಥೆಗಳ ರೂಢಿಯಿಲ್ಲದ ಒಬ್ಬರಿಗೆ ಓದಿ ಹೇಳಿ, ನಡುವೆ ನಿಲ್ಲಿಸಿ, ಖಳ ಏನು ಮಾಡಲಾರ ಎಂದು ಕೇಳಿ. ಅವರು ತಡವರಿಸಿದರೆ ವಿವರಣೆಯ ಸಂಭಾಷಣೆ ಸೇರಿಸಬೇಡಿ. ಖಳನ ಒಂದು ಶಕ್ತಿಯನ್ನು ಹೊಡೆದುಹಾಕಿ ಮತ್ತೆ ಓದಿ.