ಐಕಿಡೋ: ಪಟ್ಟುಗಳಿಗಿಂತ ಮೊದಲು ಕಲಿತದ್ದು

ಕೆಲಸಕ್ಕೆಂದು ಟೋಕಿಯೋಗೆ ಬಂದ ಮೇಲೆ ಮನೆ ಹತ್ತಿರದ ಡೋಜೋದಲ್ಲಿ, ಅಂದರೆ ಅಭ್ಯಾಸದ ಶಾಲೆಯಲ್ಲಿ, ಐಕಿಡೋ ಎಂಬ ಜಪಾನಿ ಸಮರಕಲೆಗೆ ಸೇರಿಕೊಂಡೆ. ಬೀಳುವುದು, ಉರುಳುವುದಕ್ಕಿಂತ ಅಲ್ಲಿನ ರೀತಿ ರಿವಾಜು, ಪಟ್ಟುಗಳ ಹೆಸರು, ಇವುಗಳದ್ದೇ ಚಿಂತೆ ಜಾಸ್ತಿ ಇತ್ತು.

ರಿವಾಜನ್ನು ಪಕ್ಕದವರನ್ನು ನೋಡಿಯೇ ಕಲಿತೆ. ಸಾಲಿನಲ್ಲಿ ಹಿರಿಯರು ಬಲಕ್ಕೆ, ಹೊಸಬರು ಎಡತುದಿಗೆ. ನನ್ನ ಬಲಕ್ಕಿದ್ದವರು ಬಗ್ಗಿದರೆ ನಾನೂ ಬಗ್ಗುತ್ತಿದ್ದೆ, ಎದ್ದರೆ ಏಳುತ್ತಿದ್ದೆ. ಚಪ್ಪಲಿ ಹೊರಗೆ ಬಿಡುವುದು ನಮಗೇನು ಹೊಸದಲ್ಲ ಅಲ್ವಾ? ಆದರೆ ಇಲ್ಲಿ ಅದರ ತುದಿ ಹೊರಮುಖವಾಗಿರಬೇಕು, ವಾಪಸ್ ಬಂದಾಗ ನೇರ ಕಾಲು ತೂರಿಸುವ ಹಾಗೆ. ಅಂಗಿಯ ಎಡಬದಿ ಮೇಲೆ ಬರಬೇಕು. ಬಲಬದಿ ಮೇಲೆ ಬಂದರೆ ಅದು ಜಪಾನಿನಲ್ಲಿ ಹೆಣಕ್ಕೆ ಉಡಿಸುವ ರೀತಿ! ಎದುರಿಗೆ ಐಕಿಡೋ ಹುಟ್ಟುಹಾಕಿದ ಮೊರಿಹೇಯ್ ಉಯೆಶಿಬಾ (1883–1969) ಅವರ ಫೋಟೋ. ಅತ್ತ ಕಾಲು ಚಾಚಿ ಕೂರುವಂತಿಲ್ಲ. ಕೂರುವ ಭಂಗಿ ಸೇಜಾ, ಹೆಚ್ಚುಕಡಿಮೆ ನಮ್ಮ ವಜ್ರಾಸನ. ಸೆನ್ಸೇಯ್ (ಗುರುಗಳ) ಮಾತು ಉದ್ದವಾದರೆ ಮಾತ್ರ ಯಾವ ಯೋಗಾಭ್ಯಾಸವೂ ಕಾಪಾಡುವುದಿಲ್ಲ, ಕಾಲು ಜೋಮು ಹಿಡಿದೇ ಹಿಡಿಯುತ್ತದೆ.

ಹೆಸರುಗಳ ವಿಷಯ ಬೇರೆ. 'ಕತತೆದೊರಿ ಶಿಹೊನಾಗೆ ಒಮೊತೆ' ಅಂತ ಒಂದೇ ಉಸಿರಿಗೆ ಕೇಳಿದರೆ ಮಂತ್ರದ ಹಾಗಿರುತ್ತದೆ. ಅದರಲ್ಲಿ ಮೂರು ತುಂಡುಗಳಿವೆ. ಮೊದಲನೆಯದು ಎದುರಾಳಿ ಏನು ಮಾಡುತ್ತಾನೆ ಎಂಬುದು: ಇಲ್ಲಿ ಒಂದು ಕೈಯಿಂದ ಮಣಿಕಟ್ಟು ಹಿಡಿಯುತ್ತಾನೆ. ನಡುವಿನದು ಪಟ್ಟು. ಕೊನೆಯದು ಎದುರಾಳಿಯ ಮುಂದಿನಿಂದ ಹೋಗುವುದೋ (ಒಮೊತೆ), ಹಿಂದಕ್ಕೆ ತಿರುಗಿ ಹೋಗುವುದೋ (ಉರಾ) ಎಂಬುದು. ನಾನು ಮೊದಲ ತುಂಡನ್ನಷ್ಟೇ ಗಟ್ಟಿ ಮಾಡಿಕೊಂಡೆ. ಕಾರಣ ಇಷ್ಟೆ: ಪ್ರತಿ ಜೋಡಿಯಲ್ಲೂ ಸರದಿಯಂತೆ ಒಬ್ಬರು ಉಕೆ ಆಗಬೇಕು, ಅಂದರೆ ದಾಳಿ ಮಾಡಿ ಬೀಳಬೇಕು. ದಾಳಿಯ ಹೆಸರೇ ಗೊತ್ತಿಲ್ಲದಿದ್ದರೆ ಜೊತೆಗಾರರ ಅಭ್ಯಾಸವೂ ನಿಂತುಹೋಗುತ್ತದೆ. ಪಟ್ಟನ್ನಾದರೆ ಸೆನ್ಸೇಯ್ ಮಾಡಿ ತೋರಿಸುತ್ತಾರಲ್ಲ.

ಹಾಗಾಗಿ ಕತತೆದೊರಿ, ಭುಜದ ಬಟ್ಟೆ ಹಿಡಿಯುವ ಕತದೊರಿ, ನೆತ್ತಿಗೆ ನೇರ ಹೊಡೆಯುವ ಶೋಮೆನುಚಿ, ತಲೆಯ ಪಕ್ಕಕ್ಕೆ ಬೀಸುವ ಯೋಕೊಮೆನುಚಿ, ಗುದ್ದುವ ತ್ಸುಕಿ, ಇಷ್ಟನ್ನು ಮನೆಯಲ್ಲಿ ಕೈ ಆಡಿಸುತ್ತಾ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಕೈ ಮೇಲೆತ್ತಿ, ಅಂಗೈ ಅಂಚನ್ನು ಕತ್ತಿಯಂತೆ ಇಳಿಸುತ್ತಾ 'ಶೋಮೆನುಚಿ' ಅಂದರೆ ಹೆಸರು ಕೈಗೇ ಅಂಟಿಕೊಳ್ಳುತ್ತದೆ.

ಹೊಸಬರಿಗೆ ಇನ್ನೆರಡು ಮಾತು ಸಾಕು. ಜೋಡಿಯಾಗುವಾಗ ಬಗ್ಗಿ 'ಒನೆಗಾಯ್ಶಿಮಸು' (ದಯವಿಟ್ಟು), ಮುಗಿದಾಗ 'ಅರಿಗಾತೋ ಗೊಝಾಯ್ಮಶಿತಾ' (ಧನ್ಯವಾದ). ಮಾತೇ ಬೇಡದ ಒಂದು ಸಂಜ್ಞೆಯೂ ಇದೆ: ಕೀಲು ನೋಯತೊಡಗಿದ ಕೂಡಲೇ ತತಾಮಿಯನ್ನೋ (ನೆಲದ ಚಾಪೆ) ನಿಮ್ಮ ತೊಡೆಯನ್ನೋ ಪಟಪಟ ತಟ್ಟಿ, ಅಂದರೆ 'ಬಿಡಿ' ಅಂತ. ತಡೆದುಕೊಂಡು ಕೂತರೆ ಯಾರೂ ಮೆಚ್ಚುವುದಿಲ್ಲ, ಮಣಿಕಟ್ಟು ಉಳುಕುತ್ತದೆ ಅಷ್ಟೇ.