ಅಂಗಡಿ ಕಟ್ಟಡಕ್ಕೆ ಕಬ್ಬಿಣದ ದೊಡ್ಡ ಕಸದ ತೊಟ್ಟಿ: ಕಾಸರಗೋಡಿನ ಮಳೆ, ಮುರಕಲ್ಲು ಮತ್ತು ಬಾವಿಗಳ ನಡುವೆ

ಹೋಟೆಲು, ಬೇಕರಿ, ಬಟ್ಟೆ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಕಟ್ಟಡಕ್ಕೆ ಕಬ್ಬಿಣದ ದೊಡ್ಡ ಕಸದ ತೊಟ್ಟಿಯನ್ನು ತರಿಸುವ ಮೊದಲು, ಅದನ್ನು ಬರಿದು ಮಾಡಲು ಯಾರು ಬರುತ್ತಾರೆ, ಯಾವ ವಾಹನದಲ್ಲಿ ಬರುತ್ತಾರೆ ಎಂಬುದನ್ನು ತಿಳಿದುಕೊಳ್ಳಬೇಕು. ಸಾವಿರದ ನೂರು ಲೀಟರಿನ ಚಕ್ರದ ತೊಟ್ಟಿಯು ಕಸವನ್ನು ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿಗೆ ಹೊಂದುತ್ತದೆ. ಮೂರರಿಂದ ಏಳು ಘನ ಮೀಟರಿನ ದೋಣಿಯಾಕಾರದ ತೊಟ್ಟಿಯನ್ನು ಡಂಪರ್ ಪ್ಲೇಸರ್ ಎಂಬ ಲಾರಿ ತನ್ನ ಎರಡು ತೋಳುಗಳ ಸರಪಳಿಗೆ ಸಿಕ್ಕಿಸಿ ಇಡಿಯಾಗಿ ಎತ್ತಿಕೊಂಡು ಹೋಗುತ್ತದೆ. ಅದಕ್ಕೂ ದೊಡ್ಡ ತೊಟ್ಟಿಗಳಿಗೆ ಕೊಕ್ಕೆಯ ಲಾರಿ ಬೇಕು. ಕಸದ ಪೆಟ್ಟಿಗೆಯನ್ನು ವಾಹನವೇ ಎತ್ತುವ ಈ ಏರ್ಪಾಡನ್ನು ಅಮೆರಿಕದ ನಾಕ್ಸ್‌ವಿಲ್ ನಗರದ ಜಾರ್ಜ್ ಡೆಂಪ್‌ಸ್ಟರ್ 1930ರ ದಶಕದಲ್ಲಿ ರೂಪಿಸಿದರು. ಇಂಗ್ಲಿಷಿನ ‘ಡಂಪ್‌ಸ್ಟರ್’ ಎಂಬ ಮಾತು ಅವರ ಹೆಸರಿನಿಂದಲೇ ಬಂದಿದೆ.

ನಮ್ಮ ಜಿಲ್ಲೆಯ ಮೂರು ನಗರಸಭೆ ಮತ್ತು 38 ಗ್ರಾಮ ಪಂಚಾಯತುಗಳಲ್ಲಿ ಅಂಗಡಿಗಳ ಒಣ ಕಸವನ್ನು ಒಯ್ಯುವವರು ಹರಿತ ಕರ್ಮಸೇನೆಯ ಮಹಿಳೆಯರು. ಅವರ ವಾಹನ ಹೆಚ್ಚಾಗಿ ಗೂಡ್ಸ್ ಆಟೋ ಅಥವಾ ಪಿಕಪ್ ಆಗಿರುತ್ತದೆ; ತೊಟ್ಟಿಯನ್ನು ಎತ್ತುವ ಯಂತ್ರ ಅದರಲ್ಲಿ ಇರುವುದಿಲ್ಲ. ಆದುದರಿಂದ ಅವರನ್ನೇ ನಂಬಿರುವ ಕಟ್ಟಡದವರು ಮೇಲಿನಿಂದ ತುಂಬಿಸಿ ಯಂತ್ರದಿಂದ ಸುರಿಯುವ ತೊಟ್ಟಿಯನ್ನು ಕೊಳ್ಳಬಾರದು. ಸೊಂಟದ ಎತ್ತರದಲ್ಲಿ ಅಗಲವಾದ ಪಕ್ಕದ ಬಾಗಿಲಿದ್ದು, ನಿಂತುಕೊಂಡೇ ಚೀಲಗಳನ್ನು ಹೊರತೆಗೆಯಲು ಬರುವಂಥದ್ದನ್ನು ವೆಲ್ಡಿಂಗ್ ಕಾರ್ಯಾಗಾರದಲ್ಲಿ ಮಾಡಿಸಿಕೊಳ್ಳಬೇಕು. ಆಳವಾದ ತೊಟ್ಟಿಯೊಳಗೆ ಒಬ್ಬ ಹೆಂಗಸು ಇಳಿದು ಕಸ ಎತ್ತಿಕೊಡಬೇಕಾದ ಪರಿಸ್ಥಿತಿಯನ್ನು ನಾವು ಹಣ ಕೊಟ್ಟು ತಂದುಕೊಳ್ಳಬಾರದು.

ಗಾತ್ರವನ್ನು ಅಂದಾಜಿನಿಂದ ನಿರ್ಧರಿಸದೆ ಅಳೆದೇ ತಿಳಿಯಬೇಕು. ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಚಪ್ಪಟೆ ಮಾಡಿಸಿದ ಮೇಲೆ, ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಒಂದು ವಾರ ಕಸವನ್ನು ತುಂಬಿಸಿ ಎಣಿಸಿದರೆ ಲೆಕ್ಕ ಸಿಗುತ್ತದೆ. ದಿನಕ್ಕೆ ಆರು ಡ್ರಮ್ಮು ಎಂದರೆ 1.2 ಘನ ಮೀಟರ್. ಲಾರಿ ವಾರಕ್ಕೆ ಎರಡು ಸಲ ಮಾತ್ರ ಬರುವುದಾದರೆ ನಡುವಿನ ಅತಿ ದೀರ್ಘ ಅವಧಿ ನಾಲ್ಕು ದಿನ, ಅಂದರೆ 4.8 ಘನ ಮೀಟರ್; ಹಬ್ಬದ ದಿನಗಳಿಗೆಂದು ಕಾಲು ಭಾಗ ಸೇರಿಸಿದರೆ ಆರು ಆಗುವುದರಿಂದ ಏಳು ಘನ ಮೀಟರಿನ ತೊಟ್ಟಿಯೇ ಬೇಕಾಗುತ್ತದೆ. ವಾರಕ್ಕೆ ಮೂರು ಸಲ ಬಂದರೆ ಇದೇ ಲೆಕ್ಕದಲ್ಲಿ ನಾಲ್ಕೂವರೆ ಘನ ಮೀಟರ್ ಸಾಕು. ಸಾಗಾಟದ ಖರ್ಚು ಸ್ವಲ್ಪ ಏರಿದರೂ ಎರಡನೆಯ ದಾರಿಯೇ ಮೇಲು ಎಂದು ನನ್ನ ಅಭಿಪ್ರಾಯ, ಏಕೆಂದರೆ ನಮ್ಮ ಸೆಕೆಯಲ್ಲಿ ಕಸ ನಾಲ್ಕು ದಿನ ಕೂತರೆ ನೊಣ, ಹುಳು ತಪ್ಪಿದ್ದಲ್ಲ. ಬೆರಕೆ ಕಸ ಘನ ಮೀಟರಿಗೆ ಸುಮಾರು 450 ಕಿಲೋ ತೂಗುವುದರಿಂದ ತುಂಬಿದ ನಾಲ್ಕೂವರೆ ಘನ ಮೀಟರಿನ ತೊಟ್ಟಿಯಲ್ಲಿ ಎರಡು ಟನ್ನು ಭಾರವಿರುತ್ತದೆ ಎಂಬುದನ್ನು ನೆಲ ಕಟ್ಟುವವನಿಗೆ ಮೊದಲೇ ತಿಳಿಸಬೇಕು. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೃಹತ್ ಉತ್ಪಾದಕರೆಂದು ಬೇರೆಯಾಗಿಯೇ ಗುರುತಿಸಿದವು. ಎಣಿಕೆಯ ಆ ವಾರದಲ್ಲಿ ತೂಕವನ್ನೂ ಬರೆದಿಟ್ಟುಕೊಂಡರೆ ಪಂಚಾಯತಿನಲ್ಲಿ ಮಾತನಾಡಲು ಅನುಕೂಲವಾಗುತ್ತದೆ.

ಇನ್ನು ನೀರಿನ ವಿಚಾರ. ಹೊರನಾಡಿನ ತೊಟ್ಟಿಯ ಚಿತ್ರ ನೋಡಿ ಅಂಥದ್ದನ್ನೇ ಮಾಡಿಸಿದವರು ಇಲ್ಲಿ ಸೋಲುವುದು ಈ ಒಂದು ಕಾರಣಕ್ಕೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಬಾಯಿ ತೆರೆದ ತೊಟ್ಟಿಯೊಳಗೆ 100 ಮಿಲಿಮೀಟರ್ ಮಳೆ ಬಿದ್ದ ಒಂದೇ ದಿನದಲ್ಲಿ 375 ಲೀಟರ್ ನೀರು ಸೇರುತ್ತದೆ. ಆ ನೀರು ಕೊಳೆತ ಅನ್ನ, ಮೀನಿನ ರಸ, ಎಣ್ಣೆಗಳನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಕೆಳಗಿರುವುದು ರಂಧ್ರರಂಧ್ರವಾದ ಮುರಕಲ್ಲು, ಆ ಮುರಕಲ್ಲನ್ನೇ ಕೊರೆದು ತೋಡಿದ ಬಾವಿಗಳು ಸುತ್ತಲಿನ ಪ್ರತಿ ಹಿತ್ತಿಲಿನಲ್ಲೂ ಇವೆ. ನಾನು ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರಲ್ಲಿ ಮುಚ್ಚಳವಿಲ್ಲದ ತೊಟ್ಟಿಯನ್ನು ಇಟ್ಟಿದ್ದೆವು. ಆಟಿಯ ಮಳೆಗೆ ರಟ್ಟೆಲ್ಲ ಮುದ್ದೆಯಾಗಿ ಲಾರಿಯವರು ಎತ್ತಲು ಒಪ್ಪಲಿಲ್ಲ, ಹಿಂದಿನ ಮನೆಯವರ ಬಾವಿಯ ನೀರಿಗೆ ವಾಸನೆ ಬಂತು. ಆ ಮನೆಯ ಅಜ್ಜಿ ಒಂದು ಚೆಂಬು ನೀರು ತಂದು ಮೂಸಿ ನೋಡಿ ಎಂದು ನನ್ನ ಮುಂದಿಟ್ಟದ್ದನ್ನು ನಾನು ಮರೆತಿಲ್ಲ. ಇದನ್ನು ಬರೆಯಲು ಅದೇ ಕಾರಣ.

ಆದುದರಿಂದ ತೊಟ್ಟಿಯನ್ನು ಇಡುವ ಜಾಗ ಬಾವಿಗಿಂತ ತಗ್ಗಿನ ಕಡೆಗಿರಬೇಕು, ಸಾಧ್ಯವಾದಷ್ಟೂ ದೂರವಿರಬೇಕು. ನೆಲಮಟ್ಟದಿಂದ ಅರ್ಧ ಅಡಿ ಎತ್ತರಿಸಿದ ಕಾಂಕ್ರೀಟು ಕಟ್ಟೆಯನ್ನು ಒಂದು ಮೂಲೆಗೆ ಇಳಿಜಾರಾಗಿ ಕಟ್ಟಿ, ಸುತ್ತ ಸಣ್ಣ ದಂಡೆಯನ್ನು ಎಬ್ಬಿಸಿ, ತಗ್ಗಿನ ಮೂಲೆಯಲ್ಲಿ ಸಿಮೆಂಟು ಗಾರೆ ಮಾಡಿದ ಮುಚ್ಚಿದ ಗುಂಡಿಗೆ ಕೊಳೆನೀರು ಸೇರುವಂತೆ ಮಾಡಬೇಕು; ಅದನ್ನು ಮಳೆನೀರಿನ ಚರಂಡಿಗೆ ಬಿಡಬಾರದು. ತೊಟ್ಟಿಯ ಮುಚ್ಚಳ ಮಾಡಿನಂತೆ ಇಳಿಜಾರಾಗಿರಲಿ, ಅಂಚು ಗೋಡೆಯಿಂದ ಹೊರಚಾಚಿರಲಿ, ಎರಡು ಎಲೆಗಳಾಗಿ ತೆರೆಯುವಷ್ಟು ಹಗುರವಾಗಿರಲಿ. ಭಾರದ ಮುಚ್ಚಳವನ್ನು ಯಾರೂ ಎರಡನೆಯ ಸಲ ಮುಚ್ಚುವುದಿಲ್ಲ. ಮೇಲೆ ತಗಡಿನ ಚಪ್ಪರವನ್ನೂ ಹಾಕುವುದು ಪಕ್ಕದ ಬಾಗಿಲಿನ ತೊಟ್ಟಿಗೆ ಒಳ್ಳೆಯದು, ಆದರೆ ಲಾರಿಯ ತೋಳು ಎತ್ತುವ ತೊಟ್ಟಿಗೆ ಚಪ್ಪರವಾಗಲಿ, ವಿದ್ಯುತ್ ತಂತಿಯಾಗಲಿ, ತೆಂಗಿನ ಗರಿಯಾಗಲಿ ಮೇಲೆ ಇರಬಾರದು. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಕಟ್ಟಡಗಳವರು ಲಾರಿ ಸರ್ವಿಸ್ ರಸ್ತೆಯಿಂದ ಒಳಬಂದು ತಿರುಗಿ ಹೋಗಲು ಜಾಗವಿದೆಯೇ ಎಂದು ಚಾಲಕನನ್ನೇ ಕರೆಸಿ ತೋರಿಸುವುದು ಒಳ್ಳೆಯದು.

ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ಬೇಗನೆ ತಿನ್ನುತ್ತದೆ. ತುಕ್ಕು ಮೊದಲು ಹಿಡಿಯುವುದು ತಳದ ಬೆಸುಗೆಯ ಅಂಚುಗಳಲ್ಲಿ, ಬಿಜಾಗರಿಗಳಲ್ಲಿ. ಚಿಕ್ಕ ತೊಟ್ಟಿಯಾದರೆ ಸತುವಿನ ಲೇಪದ್ದನ್ನು ಕೊಳ್ಳಬಹುದು. ದೊಡ್ಡದಾದರೆ ತಳದ ತಗಡು ಗೋಡೆಗಿಂತ ದಪ್ಪವಿರುವುದನ್ನು ನೋಡಿ, ಒಳಗೂ ಹೊರಗೂ ಎಪಾಕ್ಸಿ ಬಣ್ಣ ಹೊಡೆಸಿ, ಗಾಳಿಯಾಡುವಂತೆ ಕೆಳಗೆ ನಾಲ್ಕು ಇಂಚು ಎತ್ತರದ ಕಾಲುಪಟ್ಟಿಗಳನ್ನು ಇಡಿಸಬೇಕು. ತಳದಲ್ಲಿ ತಿರುಪು ಮುಚ್ಚಳದ ಒಂದು ತೂತು ಇರಲಿ; ತೊಳೆದ ನೀರು ನಿಂತು ಸೊಳ್ಳೆ ಮರಿಯಾಗದಿರಲು ಅದು ಬೇಕು. ಬಣ್ಣದ ಕೆಲಸವನ್ನು ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರಿನಲ್ಲಿ ಇಟ್ಟುಕೊಂಡರೆ ಹಿಡಿಯುತ್ತದೆ.

ಹಸಿ ಕಸವನ್ನು ಕಬ್ಬಿಣದ ತೊಟ್ಟಿಗೆ ಹಾಕದಿರುವುದೇ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ. ಹೋಟೆಲಿನ ಎಂಜಲು, ಸಭಾಭವನದ ಬಾಳೆಲೆಗಳು ಅಲ್ಲಲ್ಲೇ ಗೊಬ್ಬರಕ್ಕೋ ಗೋಬರ್ ಗ್ಯಾಸಿಗೋ ಹೋಗಲಿ. ಕೋಳಿ ಅಂಗಡಿಯ ತ್ಯಾಜ್ಯ ಅದಕ್ಕೆಂದೇ ಇರುವ ಸಂಸ್ಕರಣಾ ಘಟಕದ ವಾಹನಕ್ಕೆ, ಕ್ಲಿನಿಕ್ಕಿನ ಸೂಜಿ, ಬ್ಯಾಂಡೇಜು ಆಸ್ಪತ್ರೆ ತ್ಯಾಜ್ಯ ಒಯ್ಯುವವರಿಗೆ ಹೋಗಬೇಕು. ಬೊಂಡದ ಚಿಪ್ಪುಗಳು ತೊಟ್ಟಿಯ ಜಾಗವನ್ನು ನುಂಗುವುದರಿಂದ ಅವುಗಳನ್ನು ಸೀಳಿ ಒಣಗಿಸಿ ಬೇರೆಯೇ ಕೊಡಬೇಕು. ಕಟ್ಟಡ ಒಡೆದ ಕಲ್ಲುಮಣ್ಣು ತುಂಬಿದರೆ ಲಾರಿಯ ತೋಳಿಗೆ ಭಾರ ಹೆಚ್ಚಾಗುತ್ತದೆ.

ತೊಟ್ಟಿಯ ಮೇಲಿನ ಬರಹ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ನಮ್ಮಲ್ಲಿ ಒಂದು ತೊಡಕಿದೆ: ಮಲಯಾಳದಲ್ಲಿ ‘ಮಾಲಿನ್ಯಂ’ ಎಂದರೆ ಕಸವೇ, ಕನ್ನಡದಲ್ಲಿ ಮಾಲಿನ್ಯವೆಂದರೆ ಹೊಲಸಾಗುವಿಕೆ. ಆದುದರಿಂದ ‘ಅಜೈವ ಮಾಲಿನ್ಯ’ ಎಂದು ಪದಕ್ಕೆ ಪದ ಬರೆಯದೆ ‘ಒಣ ಕಸ ಮಾತ್ರ’ ಎಂದು ಬರೆಸಬೇಕು. ಬಂಗಾಳ, ಒಡಿಶಾಗಳಿಂದ ಬಂದ ಕೆಲಸಗಾರರೂ ಇರುವುದರಿಂದ ಬಾಟಲಿ, ರಟ್ಟು, ಚೀಲಗಳ ಚಿತ್ರವನ್ನೂ ಬರೆಸಿದರೆ ತಪ್ಪುವುದು ಕಡಿಮೆಯಾಗುತ್ತದೆ.

ಬೆಂಕಿಯ ಭಯ ಸಣ್ಣದಲ್ಲ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂನ ಕಸದ ರಾಶಿ ದಿನಗಟ್ಟಲೆ ಉರಿದು ಊರೆಲ್ಲ ಹೊಗೆ ತುಂಬಿದ್ದನ್ನು ನಾವು ನೋಡಿದ್ದೇವೆ. ಒಲೆಯ ಬೂದಿ, ಹಳೆಯ ಮೊಬೈಲ್ ಬ್ಯಾಟರಿ, ಅರ್ಧ ಉಳಿದ ಸ್ಪ್ರೇ ಡಬ್ಬಿಗಳು ತೊಟ್ಟಿಗೆ ಬೀಳದಂತೆ ನೋಡಬೇಕು. ತೊಟ್ಟಿ ಗೋಡೆಗೆ, ಕಿಟಕಿಗೆ, ಗ್ಯಾಸ್ ಸಿಲಿಂಡರಿನ ಕೋಣೆಗೆ ತಾಗಿಕೊಂಡಿರಬಾರದು. ರಾತ್ರಿ ಬಾಗಿಲಿಗೆ ಬೀಗ ಹಾಕುವ ಮೊದಲು ಒಳಗೆ ಮಕ್ಕಳಾಗಲಿ, ನಾಯಿ ಬೆಕ್ಕುಗಳಾಗಲಿ ಇಲ್ಲವೆಂದು ಟಾರ್ಚು ಬಿಟ್ಟು ನೋಡುವ ಕೆಲಸವನ್ನು ಕಾವಲುಗಾರನಿಗೆ ಒಪ್ಪಿಸಬೇಕು. ಮೇ ತಿಂಗಳ ಕೊನೆಯ ವಾರದಲ್ಲಿ ತೊಟ್ಟಿಯನ್ನು ಬರಿದು ಮಾಡಿಸಿ, ಒಳಗೆ ಎರಡು ಕೊಡ ನೀರು ಸುರಿದು, ತಳದಲ್ಲಿ ಎಲ್ಲಿ ಜಿನುಗುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೊದಲ ಮಳೆ ಬರುವುದರೊಳಗೆ ಬೆಸುಗೆಯವನನ್ನು ಕರೆಸಬೇಕು.