ಪೈಥಾನ್ ಗೇಮನ್ನು ರಸ್ಟ್‌ಗೆ ಪೋರ್ಟ್ ಮಾಡುವಾಗ

ಮೊದಲು ಲೈಸೆನ್ಸ್ ನೋಡಿ. ಮೂಲ ಗೇಮ್ ಜಿಪಿಎಲ್ (ಬದಲಿಸಿ ಹಂಚಿದ್ದಕ್ಕೂ ಅದೇ ಷರತ್ತು ಕೇಳುವ ಮುಕ್ತ ಲೈಸೆನ್ಸ್) ಆಗಿದ್ದರೆ ನೀವು ಹಂಚುವ ಪೋರ್ಟ್ (ಹೊಸ ಭಾಷೆಯಲ್ಲಿ ಮತ್ತೆ ಬರೆದ ಗೇಮ್) ಕೂಡ ಜಿಪಿಎಲ್ಲೇ.

ಗ್ರಾಫಿಕ್ಸ್‌ಗೆ ಕೈ ಹಾಕುವ ಮುನ್ನ ಹಳೆಯ ಕೋಡ್‌ನಲ್ಲಿ ಒಂದು ಆಟ ಆಡಿ, ಸೀಡ್ (ರ‍್ಯಾಂಡಮ್ ಸಂಖ್ಯೆಗಳ ಆರಂಭ ಬೆಲೆ), ಪ್ರತಿ ಫ್ರೇಮ್‌ನಲ್ಲಿ ಒತ್ತಿದ ಕೀಗಳು, ಆಟಗಾರನ ಸ್ಥಾನ ಎಲ್ಲ ಲಾಗ್ ಮಾಡಿಕೊಳ್ಳಿ. ಅದೇ ಸೀಡ್, ಅದೇ ಕೀಗಳನ್ನು ಹೊಸ ಕೋಡ್‌ಗೆ ಕೊಟ್ಟು ಎರಡೂ ಲಾಗ್ ಹೋಲಿಸಿ. ಮೊದಲ ವ್ಯತ್ಯಾಸ ಕಂಡ ಫ್ರೇಮ್‌ನಿಂದಲೇ ಬಗ್ ಹುಡುಕಿ. ರ‍್ಯಾಂಡಮ್‌ಗೆ ಲಾಗ್ ಮಾಡುವ ಮೊದಲೇ ಎರಡೂ ಕಡೆ ಒಂದೇ ಎಕ್ಸಾರ್‌ಶಿಫ್ಟ್ (ಬಿಟ್ ಶಿಫ್ಟ್‌ಗಳಿಂದ ರ‍್ಯಾಂಡಮ್ ಸಂಖ್ಯೆ ಕೊಡುವ ಸರಳ ವಿಧಾನ) ಬರೆಯಿರಿ. ಪೈಥಾನ್ ಇಂಟಿಜರ್‌ಗೆ ಮಿತಿಯಿಲ್ಲ, ಹಾಗಾಗಿ ಅಲ್ಲಿ ಎಡ ಶಿಫ್ಟ್ ಆದಮೇಲೆ 32 ಬಿಟ್‌ಗೆ ಮಾಸ್ಕ್ ಮಾಡಲೇಬೇಕು (ಹೆಚ್ಚಿನ ಬಿಟ್ ಕತ್ತರಿಸಬೇಕು).

ನಿಜವಾಗಿ ಕಾಡುವುದು ಋಣ ಸಂಖ್ಯೆಗಳು. -1 % 8 (ಭಾಗಿಸಿದಾಗ ಉಳಿಯುವ ಶೇಷ) ಪೈಥಾನ್‌ನಲ್ಲಿ 7, ರಸ್ಟ್‌ನಲ್ಲಿ -1. ಮ್ಯಾಪಿನ ಎಡ ಅಂಚು ದಾಟಿದ ಪಾತ್ರ ಬಲಗಡೆ ಕಾಣಿಸಿಕೊಳ್ಳುವ ಬದಲು ಗೇಮೇ ಕ್ರ್ಯಾಶ್ ಆದರೆ ಮೊದಲು ಇದನ್ನೇ ಅನುಮಾನಿಸಿ, ಶೇಷ ಋಣವಾಗದಂತೆ ನೋಡಿಕೊಳ್ಳುವ ರೆಮ್_ಯೂಕ್ಲಿಡ್ (rem_euclid) ಬಳಸಿ. ಭಾಗಾಕಾರವೂ ಹಾಗೆಯೇ: -7 // 2 ಪೈಥಾನ್‌ನಲ್ಲಿ -4, ರಸ್ಟ್‌ನ -7 / 2 ಮಾತ್ರ -3.